ಒಂದೇ ಹೊಲ, ಇಬ್ಬರು ಖರೀದಿದಾರರು

ಜಮೀನಿನ ಒಡೆಯನೊಬ್ಬ ತನ್ನ ಹೊಲವನ್ನು ಒಬ್ಬನಿಗೆ ಮಾರಿ ಹಣ ಪಡೆದ ಮೇಲೆ ಅದೇ ಹೊಲವನ್ನು ಮತ್ತೊಬ್ಬನಿಗೂ ಮಾರಿದಾಗ ಹುಟ್ಟುವ ವ್ಯಾಜ್ಯವು ನ್ಯಾಯಾಲಯಗಳಿಗೆ ಹೊಸದೂ ಅಲ್ಲ, ಅಪರೂಪದ್ದೂ ಅಲ್ಲ. ಪಾಲಿನ ದಾವೆಯಲ್ಲಿ ಅಣ್ಣತಮ್ಮಂದಿರು ಎದುರುಬದುರಾಗುತ್ತಾರೆ, ಬದುವಿನ ದಾವೆಯಲ್ಲಿ ನೆರೆಹೊಲದವರು ಎದುರುಬದುರಾಗುತ್ತಾರೆ. ಆದರೆ ಇಬ್ಬರಿಗೆ ಮಾರಿದ ಹೊಲದ ದಾವೆಯಲ್ಲಿ ಹಣ ಕೊಟ್ಟ ಇಬ್ಬರು ಪರಸ್ಪರ ಕಾದಾಡುತ್ತಾರೆ, ತಪ್ಪು ಮಾಡಿದ ಮಾರಾಟಗಾರನಾದರೋ ಬಹಳ ಸಲ ಒಂದನೆಯ ಪ್ರತಿವಾದಿಯೆಂದು ಹೆಸರಿಗಷ್ಟೇ ಉಳಿದು, ಕೈಫಿಯತ್ತನ್ನು, ಎಂದರೆ ತನ್ನ ಲಿಖಿತ ಉತ್ತರವನ್ನು, ಸಲ್ಲಿಸದೆಯೇ ಗೈರುಹಾಜರಾಗಿ ಕಡತದಿಂದ ಮರೆಯಾಗುತ್ತಾನೆ. ಇಂಥ ದಾವೆಯಲ್ಲಿ ಯಾರು ಗೆಲ್ಲಬೇಕೆಂಬ ಪ್ರಶ್ನೆಗೆ ಹಳ್ಳಿಯ ಕಟ್ಟೆಯ ಮೇಲೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆಯದು: ಮೊದಲು ಹಣ ಕೊಟ್ಟವನು ಗೆಲ್ಲಬೇಕು, ಇಲ್ಲವೇ ಮೊದಲು ರಜಿಸ್ಟ್ರಿ ಮಾಡಿಸಿಕೊಂಡವನು ಗೆಲ್ಲಬೇಕು. ಕಾನೂನಿನ ಉತ್ತರವು ಈ ಎರಡೂ ಅಲ್ಲ. ಯಾರ ಕೈಯಲ್ಲಿ ಯಾವ ಜಾತಿಯ ಕಾಗದವಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ನಂತರವೇ ಅದು ತಾರೀಖುಗಳ ಕಡೆಗೆ ತಿರುಗುತ್ತದೆ.

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲೂಕಿನ ಹೋಬಳಿ ಕೇಂದ್ರವಾದ ಮುಡಬಿಯಂಥ ಊರಿನಲ್ಲಿ ಈ ಪ್ರಶ್ನೆ ಯಾಕೆ ಗೋಜಲಾಗುತ್ತದೆ ಎಂಬುದಕ್ಕೆ ಆ ನಾಡಿನ ದಾಖಲೆಗಳ ಚರಿತ್ರೆಯೇ ಒಂದು ಕಾರಣವಾಗಿದೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯಕ್ಕೂ ಸೇರಿದ ಈ ಭಾಗದ ಹಳೆಯ ಕಂದಾಯ ಕಾಗದಗಳು ಉರ್ದುವಿನಲ್ಲಿದ್ದು, ಅವುಗಳ ಮೇಲಿನ ವರ್ಷಗಳು ಫಸಲಿ ಗಣನೆಯವಾಗಿರುತ್ತವೆ. ಹಳ್ಳಿಯ ಲೆಕ್ಕವು ವಂಶಪಾರಂಪರ್ಯವಾಗಿ ಬಂದ ಪಟವಾರಿಯ ಕೈಯಲ್ಲಿತ್ತು. 1954–55ರಲ್ಲಿ ತಯಾರಾದ ಖಾಸ್ರಾ ಪಹಣಿ, ಎಂದರೆ ಪ್ರತಿಯೊಂದು ಸರ್ವೆ ನಂಬರಿನಲ್ಲಿ ಪಟ್ಟೇದಾರ ಯಾರು, ವಾಸ್ತವವಾಗಿ ಉಳುತ್ತಿರುವವ ಯಾರು ಎಂಬುದನ್ನು ಬರೆದಿಟ್ಟ ಪುಸ್ತಕ, ಇಂದಿಗೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಜಿಲ್ಲೆಗಳ ವಕೀಲರು ಮೊದಲು ಕೇಳುವ ದಾಖಲೆಯಾಗಿದೆ. ಪಟವಾರಿಗಿರಿ ರದ್ದಾಗಿ ಸರ್ಕಾರಿ ನೌಕರನಾದ ತಲಾಠಿ ಬಂದನು. 2000ದ ನಂತರ ಭೂಮಿ ಯೋಜನೆಯಡಿ ಪಹಣಿ ಗಣಕೀಕೃತವಾಗಿ ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಹೀಗೆ ಒಂದು ಹೊಲದ ಚರಿತ್ರೆ ಮೂರು ಬಗೆಯ ಬರಹಗಳಲ್ಲಿ, ಎರಡು ಲಿಪಿಗಳಲ್ಲಿ ಹಂಚಿಹೋಗಿರುವಾಗ, ಅಜ್ಜನ ಕಾಲದ ಮಾರಾಟವನ್ನು ಮೊಮ್ಮಗನು ಅರಿಯದೆ ಮಾರುವುದಕ್ಕೂ, ಅರಿತೂ ಅರಿಯದಂತೆ ಮಾರುವುದಕ್ಕೂ ಸಮಾನವಾಗಿ ಅವಕಾಶವಿರುತ್ತದೆ.

ಈ ಊರುಗಳ ಪಾಲಿಗೆ ಇನ್ನೊಂದು ಸಂಗತಿ ಗಮನಾರ್ಹ. ಒಂದೇ ವಸ್ತುವನ್ನು ಇಬ್ಬರಿಗೆ ಕೊಟ್ಟಾಗ ಯಾರ ಹಕ್ಕು ಮೇಲು ಎಂಬ ಪ್ರಶ್ನೆಯನ್ನು ಭಾರತದ ಧರ್ಮಶಾಸ್ತ್ರದ ಅತ್ಯಂತ ಪ್ರಭಾವಶಾಲಿ ವ್ಯಾಖ್ಯಾನವು ಚರ್ಚಿಸಿದ್ದು ಇದೇ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರ ನಡುವಿನ ಅವಧಿಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಗ್ರಂಥದ ಕೊನೆಯಲ್ಲಿ ಕಲ್ಯಾಣ ನಗರವನ್ನೂ ಅದರ ಅರಸನನ್ನೂ ಕೊಂಡಾಡಿದ್ದಾನೆ. ಸ್ಮೃತಿಯ ವ್ಯವಹಾರಾಧ್ಯಾಯದ ಪ್ರಕಾರ ಸಾಲ ಮೊದಲಾದ ಹಣಕಾಸಿನ ವಿವಾದಗಳಲ್ಲಿ ಕೊನೆಗೆ ನಡೆದ ಕ್ರಿಯೆಗೆ ಹೆಚ್ಚು ಬಲ. ಸಾಲ ಪಡೆದದ್ದು ಒಬ್ಬನಿಂದ ರುಜುವಾದರೂ, ಅದನ್ನು ಆಮೇಲೆ ತೀರಿಸಿದ್ದು ಇನ್ನೊಬ್ಬನಿಂದ ರುಜುವಾದರೆ ತೀರಿಸಿದ್ದೇ ನಿಲ್ಲುತ್ತದೆ. ಆದರೆ ಅಡವು, ದಾನ, ಖರೀದಿ ಎಂಬ ಮೂರರಲ್ಲಿ ಮಾತ್ರ ಮೊದಲು ನಡೆದದ್ದೇ ಬಲವಾದದ್ದು, ಏಕೆಂದರೆ ಮೊದಲ ಸಲ ಕೊಟ್ಟಾಗಲೇ ಕೊಡುವವನ ಒಡೆತನ ಮುಗಿದಿರುತ್ತದೆ. ಅದೇ ಅಧ್ಯಾಯವು ಇನ್ನೊಂದು ಎಚ್ಚರಿಕೆಯನ್ನೂ ಸೇರಿಸುತ್ತದೆ: ಹಕ್ಕಿನ ಮೂಲವು ಭೋಗಕ್ಕಿಂತ ಮೇಲಾದರೂ, ಸ್ವಲ್ಪವೂ ಭೋಗವಿಲ್ಲದ ಹಕ್ಕಿಗೆ ಬಲವಿಲ್ಲ, ಒಡೆಯನು ಕಣ್ಣಾರೆ ಕಂಡೂ ಬಾಯಿಬಿಡದೆ ಇಪ್ಪತ್ತು ವರ್ಷ ಪರರ ಅನುಭೋಗಕ್ಕೆ ಬಿಟ್ಟ ಭೂಮಿ ಅವನಿಗೆ ನಷ್ಟ. ಇಂದಿನ ಕಾಲಪರಿಮಿತಿ ಅಧಿನಿಯಮವು ಈ ಇಪ್ಪತ್ತನ್ನು ಹನ್ನೆರಡಕ್ಕೆ ಇಳಿಸಿದೆ, ತತ್ವದಲ್ಲಿ ಹೆಚ್ಚಿನ ಬದಲಾವಣೆ ಇಲ್ಲ.

ಇಂದಿನ ಕಾನೂನಿನಲ್ಲಿ ಈ ತತ್ವವು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 48ನೇ ಕಲಮಿನಲ್ಲಿ ನೆಲೆಸಿದೆ. ಒಬ್ಬನು ಒಂದೇ ಸ್ಥಿರಾಸ್ತಿಯಲ್ಲಿ ಬೇರೆ ಬೇರೆ ಕಾಲಗಳಲ್ಲಿ ಹಕ್ಕುಗಳನ್ನು ಸೃಷ್ಟಿಸಿ, ಅವೆಲ್ಲವೂ ಒಟ್ಟಿಗೆ ನಿಲ್ಲಲಾರವಾದರೆ, ನಂತರ ಹುಟ್ಟಿದ ಹಕ್ಕು ಮೊದಲು ಹುಟ್ಟಿದ ಹಕ್ಕಿಗೆ ಅಧೀನವಾಗಿರುತ್ತದೆ ಎಂಬುದು ಆ ಕಲಮಿನ ತಾತ್ಪರ್ಯ. ಮಾರಿದ ಮೇಲೆ ಮಾರಾಟಗಾರನಲ್ಲಿ ಏನೂ ಉಳಿಯದ ಕಾರಣ ಎರಡನೆಯವನಿಗೆ ಕೊಡಲು ಅವನ ಬಳಿ ಏನೂ ಇರುವುದಿಲ್ಲ. ಎರಡನೆಯವನು ಎಷ್ಟೇ ಪ್ರಾಮಾಣಿಕನಾಗಿದ್ದು ಪೂರ್ಣ ಬೆಲೆ ಕೊಟ್ಟಿದ್ದರೂ ಫಲವಿಲ್ಲ. ಇಲ್ಲಿಯವರೆಗೆ ವಿಷಯ ಸರಳ. ತೊಡಕು ಇರುವುದು ‘ಮೊದಲು’ ಎಂಬುದನ್ನು ಯಾವ ದಿನದಿಂದ ಎಣಿಸಬೇಕು ಎಂಬಲ್ಲಿ.

1908ರ ನೋಂದಣಿ ಅಧಿನಿಯಮದ 47ನೇ ಕಲಂ ಪ್ರಕಾರ ನೋಂದಾಯಿತ ದಸ್ತಾವೇಜು ನೋಂದಣಿಯಾದ ದಿನದಿಂದಲ್ಲ, ಬರೆದುಕೊಟ್ಟ ದಿನದಿಂದ ಜಾರಿಗೆ ಬರುತ್ತದೆ. 23ನೇ ಕಲಂ ಪ್ರಕಾರ ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ಈ ಎರಡನ್ನೂ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಹೊಲದ ಮೇಲೆ ನೋಡಬಹುದು. 4 ಎಕರೆ 20 ಗುಂಟೆಯ ಹೊಲವೊಂದರ ಒಡೆಯನು ಜೂನ್ 2ರಂದು ಮೊದಲ ಖರೀದಿದಾರನಿಗೆ ಕ್ರಯಪತ್ರ ಬರೆದು ಸಹಿ ಮಾಡುತ್ತಾನೆ; ನೋಂದಣಿ ಬಾಕಿ ಉಳಿಯುತ್ತದೆ. ಜುಲೈ 20ರಂದು ಅವನೇ ಎರಡನೆಯವನಿಗೆ ಕ್ರಯಪತ್ರ ಬರೆದು ಅದೇ ದಿನ ನೋಂದಣಿ ಮಾಡಿಸಿಕೊಡುತ್ತಾನೆ. ಮೊದಲನೆಯವನು ಎಚ್ಚೆತ್ತು ತನ್ನ ಪತ್ರವನ್ನು ಸೆಪ್ಟೆಂಬರ್ 15ರಂದು ಹಾಜರುಪಡಿಸಿ ನೋಂದಣಿ ಮಾಡಿಸಿಕೊಂಡರೆ, ಅದು ಜೂನ್ 2ರಿಂದಲೇ ಜಾರಿಯಾದಂತೆ ಲೆಕ್ಕ. ಜುಲೈ 20ರ ನೋಂದಾಯಿತ ಪತ್ರ ಸೋಲುತ್ತದೆ. ಬರೆದುಕೊಟ್ಟವನು ಸಬ್ ರಿಜಿಸ್ಟ್ರಾರ್ ಮುಂದೆ ಬಂದು ಒಪ್ಪದಿದ್ದರೆ ಮೊದಲನೆಯವನು ಜಿಲ್ಲಾ ರಿಜಿಸ್ಟ್ರಾರರಿಗೆ, ಅಲ್ಲಿಯೂ ಆಗದಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ ಎಂಬುದು ನಿಜ. ಪತ್ರ ನೋಂದಣಿಯೇ ಆಗದೆ ಉಳಿದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ, ಏಕೆಂದರೆ ನೋಂದಾಯಿತ ದಸ್ತಾವೇಜು ಅದೇ ಸ್ವತ್ತಿನ ನೋಂದಾಯಿಸದ ದಸ್ತಾವೇಜಿನ ಮೇಲೆ ಪ್ರಾಬಲ್ಯ ಹೊಂದುತ್ತದೆ ಎಂದು 50ನೇ ಕಲಂ ಹೇಳುತ್ತದೆ. ಗಣಕಯಂತ್ರದ ನೋಂದಣಿ ಬಂದ ಮೇಲೆ ಬರೆಯುವುದೂ ನೋಂದಾಯಿಸುವುದೂ ಸಾಮಾನ್ಯವಾಗಿ ಒಂದೇ ದಿನ ನಡೆಯುವುದರಿಂದ ಈ ಬಗೆಯ ಪೈಪೋಟಿ ಕಡಿಮೆಯಾಗಿದೆ. ಆದರೆ ನ್ಯಾಯಾಲಯಗಳ ಮುಂದಿರುವ ಕಡತಗಳು ಇಂದಿನ ಮಾರಾಟಗಳವಷ್ಟೇ ಅಲ್ಲ.

ಇಬ್ಬರಿಗೆ ಮಾರಿದ ಹೊಲದ ದಾವೆಗಳಲ್ಲಿ ಎರಡು ಕ್ರಯಪತ್ರಗಳು ಎದುರಾಗುವುದಕ್ಕಿಂತ ಒಂದು ಕರಾರುಪತ್ರ ಮತ್ತು ಒಂದು ಕ್ರಯಪತ್ರ ಎದುರಾಗುವುದೇ ಹೆಚ್ಚು, ಮತ್ತು ಹಳ್ಳಿಯ ತಿಳಿವಳಿಕೆಗೂ ಕಾನೂನಿಗೂ ನಡುವಿನ ಕಂದರ ಅತ್ಯಂತ ಆಳವಾಗಿರುವುದೂ ಇಲ್ಲಿಯೇ. ಇಸಾರ, ಎಂದರೆ ಮುಂಗಡ ಹಣ, ಕೊಟ್ಟು ಸ್ಟ್ಯಾಂಪ್ ಕಾಗದದ ಮೇಲೆ ಇಬ್ಬರು ಪಂಚರ ಸಹಿಯೊಡನೆ ಬರೆಸಿಕೊಂಡ ಕಾಗದವನ್ನು ಈ ಭಾಗದ ಜನ ಖರೀದಿಯೆಂದೇ ಭಾವಿಸುತ್ತಾರೆ. ಮುಕ್ಕಾಲು ಹಣ ಕೊಟ್ಟು, ಹೊಲದ ಕಬಜಾ, ಎಂದರೆ ಸ್ವಾಧೀನ, ಪಡೆದು, ತೊಗರಿ ಬಿತ್ತಿ ಎರಡು ರಾಶಿ ಮಾಡಿದವನಿಗೆ ತಾನಿನ್ನೂ ಒಡೆಯನಲ್ಲ ಎಂದರೆ ನಂಬಿಕೆಯಾಗುವುದಿಲ್ಲ. ಆದರೆ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಕಲಂ ಪ್ರಕಾರ ಮಾರಾಟದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಿತವನ್ನೂ ಭಾರವನ್ನೂ ಸೃಷ್ಟಿಸದು. ಅದು ಕ್ರಯಪತ್ರ ಬರೆಸಿಕೊಳ್ಳುವ ಹಕ್ಕನ್ನಷ್ಟೇ ಕೊಡುತ್ತದೆ. ಸೂರಜ್ ಲ್ಯಾಂಪ್ ಕಂಪನಿಯ ಪ್ರಕರಣದಲ್ಲಿ 2011ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ಇದೇ ಮಾತನ್ನು ಮುಖ್ತಿಯಾರ್ ಪತ್ರಕ್ಕೂ, ಎಂದರೆ ಜಿಪಿಎಗೂ ಅನ್ವಯಿಸಿ, ಕರಾರು, ಜಿಪಿಎ, ಮರಣಶಾಸನ ಮೂರನ್ನೂ ಒಟ್ಟಿಗೆ ಬರೆಸಿಕೊಂಡರೂ ಅದು ಮಾರಾಟವಾಗದು ಎಂದು ಸ್ಪಷ್ಟಪಡಿಸಿತು. ಆ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್.

ಹಾಗಾದರೆ ಇಸಾರದವನು ನಿರ್ಗತಿಕನೇ? ಅಲ್ಲ. ಅವನು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರಡಿ ಕರಾರನ್ನು ಪಾಲಿಸುವಂತೆ ದಾವೆ ಹೂಡಬಹುದು, ಮತ್ತು 19ನೇ ಕಲಮಿನ ಬಲದಿಂದ ಆ ದಾವೆಯನ್ನು ಮಾರಾಟಗಾರನ ವಿರುದ್ಧವಷ್ಟೇ ಅಲ್ಲದೆ ನಂತರ ಕ್ರಯಪತ್ರ ಪಡೆದವನ ವಿರುದ್ಧವೂ ನಡೆಸಬಹುದು. ಎರಡನೆಯ ಖರೀದಿದಾರನಿಗೆ ಇಲ್ಲಿ ಇರುವುದು ಒಂದೇ ರಕ್ಷೆ: ತಾನು ಬೆಲೆ ಕೊಟ್ಟು, ಸದ್ಭಾವನೆಯಿಂದ, ಹಿಂದಿನ ಕರಾರಿನ ಸುಳಿವಿಲ್ಲದೆ ಕೊಂಡೆನೆಂದು ತೋರಿಸುವುದು. ಸುಳಿವು ಎಂದರೆ ಕಿವಿಗೆ ಬಿದ್ದ ಸುದ್ದಿಯಷ್ಟೇ ಅಲ್ಲ. ವಿಚಾರಿಸಿದ್ದರೆ ತಿಳಿಯುತ್ತಿದ್ದದ್ದನ್ನು ವಿಚಾರಿಸದೆ ಬಿಟ್ಟರೆ ಅದೂ ಸುಳಿವೇ. ಬೇರೊಬ್ಬನು ಹೊಲದ ಕಬಜೆಯಲ್ಲಿದ್ದರೆ ಅವನಿಗಿರುವ ಹಕ್ಕು ಏನೆಂಬುದರ ಅರಿವು ಕೊಳ್ಳುವವನಿಗೆ ಇದ್ದೇ ಇದೆಯೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 3ನೇ ಕಲಮಿನ ವಿವರಣೆಯು ಭಾವಿಸುತ್ತದೆ. 2000ದಲ್ಲಿ ಸುಪ್ರೀಂ ಕೋರ್ಟು ಇಂಥ ಎರಡು ಮೇಲ್ಮನವಿಗಳಲ್ಲಿ, ಕಟ್ಟಡದಲ್ಲಿ ಬಾಡಿಗೆದಾರನಾಗಿದ್ದು ಆಮೇಲೆ ಅದನ್ನು ಕೊಳ್ಳುವ ಕರಾರು ಮಾಡಿಕೊಂಡವನನ್ನು ಎರಡನೆಯ ಖರೀದಿದಾರ ಒಂದು ಮಾತು ಕೇಳದಿದ್ದುದೇ ಅವನಿಗೆ ಮುಳುವಾಯಿತೆಂದು ತೀರ್ಮಾನಿಸಿತು. ಬಾಡಿಗೆದಾರನೆಂದು ಗೊತ್ತಿತ್ತು, ಕರಾರಿನ ವಿಷಯ ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಸಾಲಲಿಲ್ಲ. ಹೊಲದ ಮಟ್ಟಿಗೆ ಇದರ ಅರ್ಥ ಇಷ್ಟೇ: ಋಣಭಾರ ಪ್ರಮಾಣಪತ್ರ, ಎಂದರೆ ಇಸಿ, ಖಾಲಿಯಿದೆಯೆಂದು ನೆಚ್ಚಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹಿಂದಿರುಗಿದವನಿಗಿಂತ, ಹೊಲದಲ್ಲಿ ಗಳೆ ಹೊಡೆಯುತ್ತಿರುವವನನ್ನು ನಿಲ್ಲಿಸಿ ‘ಇದನ್ನು ನೀನು ಯಾವ ಲೆಕ್ಕದಲ್ಲಿ ಮಾಡುತ್ತೀ’ ಎಂದು ಕೇಳಿದವನು ಕಾನೂನಿನ ಕಣ್ಣಿನಲ್ಲಿ ಹೆಚ್ಚು ಸುರಕ್ಷಿತ.

ಇಸಾರದವನು ಗೆದ್ದರೆ ನ್ಯಾಯಾಲಯ ಎಂಥ ಡಿಕ್ರಿ ಕೊಡಬೇಕು ಎಂಬುದೂ ಒಂದು ಕಾಲದಲ್ಲಿ ಚರ್ಚೆಯ ವಿಷಯವಾಗಿತ್ತು, ಏಕೆಂದರೆ ಅಷ್ಟರಲ್ಲಿ ಒಡೆತನ ಎರಡನೆಯವನಿಗೆ ಹೋಗಿಬಿಟ್ಟಿರುತ್ತದೆ, ಕರಾರು ಮಾಡಿದವನು ಮಾತ್ರ ಹಳೆಯ ಒಡೆಯ. ಒಂದು ಅಭಿಪ್ರಾಯದಂತೆ ಎರಡನೆಯ ಕ್ರಯಪತ್ರವನ್ನು ರದ್ದುಗೊಳಿಸಿ ಹಳೆಯ ಒಡೆಯನಿಂದಲೇ ಬರೆಸಬೇಕು. ಇನ್ನೊಂದರಂತೆ ಎರಡನೆಯವನೊಬ್ಬನೇ ಬರೆದುಕೊಡಬೇಕು. 1953ರ ನವೆಂಬರಿನಲ್ಲಿ ದುರ್ಗಾ ಪ್ರಸಾದ್ ವಿರುದ್ಧ ದೀಪ್ ಚಂದ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಇವುಗಳನ್ನೆಲ್ಲ ತೂಗಿ, ಮಾರಾಟಗಾರನು ಪತ್ರ ಬರೆದುಕೊಡಬೇಕು, ಎರಡನೆಯ ಖರೀದಿದಾರನು ತನ್ನಲ್ಲಿ ನೆಲೆಸಿದ ಒಡೆತನವನ್ನು ದಾಟಿಸಲು ಅದಕ್ಕೆ ಸಹಿ ಕೂಡಿಸಬೇಕು ಎಂದು ನಿರ್ಧರಿಸಿದರು. ಮಾರಾಟಗಾರನು ಕೊಟ್ಟ ಮಾತಿನ ಹೊಣೆಗಳು ಅವನವೇ ಆಗಿ ಉಳಿಯುವಂತೆಯೂ, ಎರಡನೆಯವನ ಮೇಲೆ ಅನಗತ್ಯ ಭಾರ ಬೀಳದಂತೆಯೂ ನೋಡಿಕೊಳ್ಳುವ ಈ ವ್ಯವಸ್ಥೆ ಏಳು ದಶಕಗಳ ನಂತರವೂ ತಾಲೂಕು ನ್ಯಾಯಾಲಯಗಳ ಡಿಕ್ರಿಗಳಲ್ಲಿ ಹಾಗೆಯೇ ಮುಂದುವರಿದಿದೆ.

ಇಸಾರದವನನ್ನು ಸೋಲಿಸುವ ಸಂಗತಿಗಳು ಬೇರೆ. ಬಾಕಿ ಹಣ ಕೊಟ್ಟು ಪತ್ರ ಬರೆಸಿಕೊಳ್ಳಲು ತಾನು ಸದಾ ಸಿದ್ಧನಾಗಿದ್ದೆನೆಂದು ಅವನು ರುಜುವಾತುಪಡಿಸಬೇಕು. ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ, ದಿನ ಗೊತ್ತುಮಾಡಿಲ್ಲದಿದ್ದರೆ ಮಾರಾಟಗಾರನು ಒಲ್ಲೆನೆಂದದ್ದು ತಿಳಿದ ದಿನದಿಂದ, ಮೂರು ವರ್ಷದೊಳಗೆ ದಾವೆ ಹೂಡಬೇಕು. ಕಬಜಾ ಪಡೆದ ಕರಾರುದಾರನಿಗೆ ಸ್ವತ್ತು ವರ್ಗಾವಣೆ ಅಧಿನಿಯಮದ 53ಎ ಕಲಂ ಕೊಡುವ ರಕ್ಷಣೆಯು 2001ರ ಸೆಪ್ಟೆಂಬರ್ 24ರಿಂದೀಚೆಗೆ ನೋಂದಾಯಿಸದ ಕರಾರಿಗೆ ದೊರೆಯುವುದಿಲ್ಲ. ಅದಕ್ಕೂ ಮುನ್ನ ಒಂದು ಬಾಗಿಲು ದಾಟಬೇಕು: ಕಬಜಾ ಕೊಟ್ಟದ್ದನ್ನು ಹೇಳುವ ಕರಾರಿಗೆ 1957ರ ಕರ್ನಾಟಕ ಸ್ಟ್ಯಾಂಪ್ ಅಧಿನಿಯಮದಡಿ ಕ್ರಯಪತ್ರಕ್ಕೆ ತೆರುವಷ್ಟೇ ಶುಲ್ಕವಿದ್ದು, ಅಗ್ಗದ ಸ್ಟ್ಯಾಂಪ್ ಕಾಗದದ ಮೇಲೆ ಬರೆದ ಕರಾರನ್ನು ಸಾಕ್ಷ್ಯವಾಗಿ ಹಾಜರುಪಡಿಸಿದ ಕೂಡಲೇ ನ್ಯಾಯಾಲಯವು ಅದನ್ನು ತಡೆಹಿಡಿದು, ಕೊರತೆ ಬಿದ್ದ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿಸಿಕೊಳ್ಳುತ್ತದೆ. ಉಳಿತಾಯವೆಂದು ಭಾವಿಸಿದ್ದು ಭಾರಿ ವೆಚ್ಚವಾಗುವುದನ್ನು ವಾದಿಗಳು ಆ ಹಂತದಲ್ಲಿ ಅರಿಯುತ್ತಾರೆ, ಮತ್ತು ಎಷ್ಟೋ ದಾವೆಗಳು ಅಲ್ಲಿಯೇ ರಾಜಿಯಾಗುತ್ತವೆ.

ಎರಡನೆಯ ಮಾರಾಟಕ್ಕೆ ಮಾರಾಟಗಾರರು ಕೊಡುವ ನೆಪಗಳಲ್ಲಿ ಮುಖ್ಯವಾದುದು ಮೊದಲ ಖರೀದಿದಾರ ಪೂರ್ತಿ ಹಣ ಕೊಡಲಿಲ್ಲವೆಂಬುದು. ನೋಂದಾಯಿತ ಕ್ರಯಪತ್ರವಾದ ಮೇಲೆ ಈ ನೆಪ ಸಲ್ಲದು: ಒಡೆತನವು ಹಣ ತೀರಿದ ಮೇಲೆಯೇ ದಾಟಬೇಕೆಂಬ ಉದ್ದೇಶ ಪತ್ರದಲ್ಲಿ ಕಾಣದಿದ್ದರೆ, ಬಾಕಿ ಉಳಿದ ಬೆಲೆ ಮಾರಾಟವನ್ನು ಅಳಿಸುವುದಿಲ್ಲ, ಬಾಕಿಗಾಗಿ ದಾವೆ ಹೂಡುವ ಮತ್ತು ಹೊಲದ ಮೇಲೆ ಅದರ ಭಾರ ಹೊರಿಸುವ ಹಕ್ಕನ್ನಷ್ಟೇ ಮಾರಾಟಗಾರನಿಗೆ ಉಳಿಸುತ್ತದೆ. ಆದರೂ ಒಂದು ಕಾಲದಲ್ಲಿ ಮಾರಾಟಗಾರರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಬ್ಬರೇ ಹೋಗಿ ‘ರದ್ದು ಪತ್ರ’ ಎಂಬುದನ್ನು ನೋಂದಾಯಿಸಿ, ಅದರ ಬಲದಿಂದ ಮತ್ತೊಬ್ಬರಿಗೆ ಮಾರುತ್ತಿದ್ದರು. 2008ರಲ್ಲಿ ಬೆಂಗಳೂರಿನ ಬಿನ್ನಿ ಮಿಲ್ ಕಾರ್ಮಿಕರ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಇದಕ್ಕೆ ಕಡಿವಾಣ ಹಾಕಿತು. ಮಾರಿದವನಿಗೆ ತಾನು ದಾಟಿಸಿದ ಒಡೆತನವನ್ನು ಏಕಪಕ್ಷೀಯವಾಗಿ ಹಿಂತೆಗೆದುಕೊಳ್ಳುವ ಅಧಿಕಾರವಿಲ್ಲ, ಪತ್ರ ರದ್ದಾಗಬೇಕಿದ್ದರೆ ಸಿವಿಲ್ ನ್ಯಾಯಾಲಯವೇ ರದ್ದುಮಾಡಬೇಕು ಎಂದಿತು.

ಕೆಲವು ದಾವೆಗಳಲ್ಲಿ ಮಾರಾಟ ಎರಡು ಸಲ ಆಗಿರುವುದು ಹೊಲದ ಒಂದು ತುಂಡಿನ ಮಟ್ಟಿಗೆ ಮಾತ್ರ. 6 ಎಕರೆಯ ಸರ್ವೆ ನಂಬರಿನಲ್ಲಿ ಪೂರ್ವದ ಕಡೆಯ 4 ಎಕರೆಯನ್ನು ಒಬ್ಬನಿಗೂ, ಪಶ್ಚಿಮದ ಕಡೆಯ 4 ಎಕರೆಯನ್ನು ಇನ್ನೊಬ್ಬನಿಗೂ ಬರೆದುಕೊಟ್ಟರೆ ನಡುವಿನ 2 ಎಕರೆ ಕಾಗದದ ಮೇಲೆ ಇಬ್ಬರದೂ ಆಗುತ್ತದೆ. ಚಕ್ಕುಬಂದಿ, ಎಂದರೆ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ, ಮತ್ತು ವಿಸ್ತೀರ್ಣ ಒಂದಕ್ಕೊಂದು ಹೊಂದದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನು ನೆಚ್ಚುತ್ತವೆ. ಸರ್ವೆ ನಂಬರಿನ ಭಾಗವೊಂದನ್ನು ಮಾರುವ ಮುನ್ನ ಭೂಮಾಪಕರು ಅಳೆದು ಬರೆದ 11ಇ ನಕ್ಷೆಯನ್ನು ಕರ್ನಾಟಕದಲ್ಲಿ ಕಡ್ಡಾಯ ಮಾಡಿರುವುದು ಈ ರೋಗಕ್ಕೆ ಮದ್ದು, ಮತ್ತು ಸಾಕಷ್ಟು ಒಳ್ಳೆಯ ಮದ್ದು.

ಪಹಣಿಯಲ್ಲಿ ಹೆಸರು ಬಂದವನೇ ಒಡೆಯ ಎಂಬ ನಂಬಿಕೆ ಎರಡನೆಯ ಖರೀದಿದಾರರನ್ನು ಹೆಚ್ಚಾಗಿ ಮೋಸಗೊಳಿಸುತ್ತದೆ. ಪಹಣಿ ಕಂದಾಯದ ದಾಖಲೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಂ ಪ್ರಕಾರ ಅದರ ನಮೂದು ವ್ಯತಿರಿಕ್ತವೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸತಕ್ಕದ್ದು, ಅಷ್ಟೇ. ಮೊದಲ ಖರೀದಿದಾರನು ಕ್ರಯಪತ್ರವನ್ನು ಟ್ರಂಕಿನಲ್ಲಿಟ್ಟು ಮುಟೇಶನ್, ಎಂದರೆ ಹಕ್ಕು ಬದಲಾವಣೆಯ ನಮೂದು, ಮಾಡಿಸದೆ ಕೈಬಿಟ್ಟರೆ ಮಾರಿದವನ ಹೆಸರೇ 9ನೇ ಕಾಲಮಿನಲ್ಲಿ ಮುಂದುವರಿಯುತ್ತದೆ, ಅವನ ನಂತರ ಮಕ್ಕಳ ಹೆಸರು ಪೌತಿ ಖಾತೆಯಿಂದ, ಎಂದರೆ ಸತ್ತವನ ಖಾತೆಯನ್ನು ವಾರಸುದಾರರಿಗೆ ಬದಲಿಸುವುದರಿಂದ, ಬರುತ್ತದೆ, ಮಕ್ಕಳು ಆ ಪಹಣಿಯನ್ನು ತೋರಿಸಿ ಮಾರುತ್ತಾರೆ. ಕಾನೂನಿನಲ್ಲಿ ಮೊದಲನೆಯವನ ಹಕ್ಕಿಗೆ ಕುಂದಿಲ್ಲದಿದ್ದರೂ ಅದನ್ನು ಉಳಿಸಿಕೊಳ್ಳಲು ಅವನು ಬಸವಕಲ್ಯಾಣದ ಸಹಾಯಕ ಆಯುಕ್ತರ ಮುಂದೆ ಮುಟೇಶನ್ ಮೇಲ್ಮನವಿಯನ್ನೂ, ಬೀದರಿನ ಜಿಲ್ಲಾಧಿಕಾರಿಯ ಮುಂದೆ ಪುನರ್ವಿಮರ್ಶೆಯನ್ನೂ, ಇವೆರಡರಲ್ಲಿ ಗೆದ್ದರೂ ಒಡೆತನ ತೀರ್ಮಾನವಾಗದ ಕಾರಣ ಸಿವಿಲ್ ನ್ಯಾಯಾಲಯದಲ್ಲಿ ದಾವೆಯನ್ನೂ ನಡೆಸಬೇಕಾಗುತ್ತದೆ. ಸಿವಿಲ್ ದಾವೆಯು ಎರಡನೆಯ ಮೇಲ್ಮನವಿಯವರೆಗೆ ಹೋದರೆ ಕಲಬುರಗಿಯ ಹೈಕೋರ್ಟ್ ಪೀಠವನ್ನು ಮುಟ್ಟುತ್ತದೆ. 2008ರಲ್ಲಿ ಅಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆಗುವ ಮೊದಲು ಮುಡಬಿಯ ರೈತನು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿತ್ತು.

ಯಾವ ದಾವೆ ಹೂಡಬೇಕೆಂಬುದರಲ್ಲಿಯೂ ಎಡವುವುದುಂಟು. ಹಿಂದಿನ ಹೈದರಾಬಾದ್ ಸಂಸ್ಥಾನದ್ದೇ ಆದ ವಾರಂಗಲ್‌ನ ಒಂದು ಪ್ರಕರಣ ಇಲ್ಲಿ ಪಾಠವಾಗಿದೆ. ಎರಡು ನಿವೇಶನಗಳನ್ನು ಒಬ್ಬ ಮಹಿಳೆಯಿಂದ 1968ರಲ್ಲಿ ನೋಂದಾಯಿತ ಪತ್ರಗಳ ಮೂಲಕ ಕೊಂಡವರು ಒಂದು ಕಡೆ, ಅದೇ ಜಾಗವನ್ನು ಆಕೆಯ ಸೋದರನಿಂದ 1977ರಲ್ಲಿ ಕೊಂಡವನು ಇನ್ನೊಂದು ಕಡೆ. ಮದುವೆಯ ಕಾಲದಲ್ಲಿ ಆ ಜಾಗವನ್ನು ಸೋದರಿಗೆ ಬಾಯಿಮಾತಿನಲ್ಲಿ ಬಳುವಳಿಯಾಗಿ ಕೊಡಲಾಗಿತ್ತೆಂಬುದು ಮೊದಲನೆಯವರ ಆಧಾರ. ಅವರು ಒಡೆತನದ ಘೋಷಣೆಯನ್ನು ಕೇಳದೆ ಬರಿಯ ನಿರ್ಬಂಧಕಾಜ್ಞೆಯನ್ನು, ಎಂದರೆ ಎದುರಾಳಿ ತಮ್ಮ ಕಬಜೆಗೆ ಅಡ್ಡಿಮಾಡಬಾರದೆಂಬ ಆದೇಶವನ್ನು, ಕೇಳಿದ್ದರು. ವಿಚಾರಣಾ ನ್ಯಾಯಾಲಯದಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಸೋತು, ಹೈಕೋರ್ಟಿನಲ್ಲಿ ಮತ್ತೆ ಗೆದ್ದರೂ 2008ರ ಮಾರ್ಚ್ 25ರಂದು ಸುಪ್ರೀಂ ಕೋರ್ಟು ಆ ಗೆಲುವನ್ನು ರದ್ದುಮಾಡಿತು: ಒಡೆತನದ ಮೇಲೆಯೇ ಗಂಭೀರ ಮೋಡ ಕವಿದಿರುವಾಗ ಬರಿಯ ನಿರ್ಬಂಧಕಾಜ್ಞೆಯ ದಾವೆ ಸಾಲದು, ಒಡೆತನದ ಘೋಷಣೆಯನ್ನೇ ಕೇಳಬೇಕು. ಖಾಲಿ ಜಾಗದ ಕಬಜೆಯು ಒಡೆತನವನ್ನೇ ಹಿಂಬಾಲಿಸುತ್ತದೆಯೆಂಬುದನ್ನೂ ಈ ತೀರ್ಪು ವಿವರಿಸಿದ್ದು, ಹೊಲ ಮನೆಗಳ ದಾವೆಗಳಲ್ಲಿ ವಕೀಲರು ಇದನ್ನು ಉಲ್ಲೇಖಿಸದ ದಿನ ಕಡಿಮೆ. ಇದಕ್ಕೆ ಪೂರಕವಾದ ಇನ್ನೊಂದು ಮಾತು: ಎರಡನೆಯ ಕ್ರಯಪತ್ರಕ್ಕೆ ಸಹಿ ಮಾಡದ ಮೊದಲ ಖರೀದಿದಾರನು ಅದರ ರದ್ದತಿಯನ್ನು ಕೇಳಬೇಕಾಗಿಲ್ಲ, ಅದು ತನಗೆ ಬಂಧಕವಲ್ಲವೆಂಬ ಘೋಷಣೆ ಸಾಕು.

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯೂ, 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲುಮಾರ್ಗವೂ ಬಸವಕಲ್ಯಾಣದ ನೆರೆಯ ಹುಮನಾಬಾದನ್ನು ಹಾದುಹೋಗುವುದರಿಂದ ದಾರಿ ಬದಿಯ ಹೊಲಗಳ ಬೆಲೆ ಏರುವುದು ಸಹಜ. ಬೆಲೆ ಏರಿದಾಗ ಹಳೆಯ ಇಸಾರಕ್ಕೆ ಕಟ್ಟುಬೀಳಲು ಮನಸ್ಸಾಗದಿರುವುದೂ ಅಷ್ಟೇ ಸಹಜ. ದಾವೆ ನಡೆಯುತ್ತಿರುವಾಗಲೇ ಮಾರಿದರೆ ಕೊಂಡವನು ಆ ದಾವೆಯ ಫಲಿತಾಂಶಕ್ಕೆ ಕಟ್ಟುಬೀಳುತ್ತಾನೆ, ಅವನಿಗೆ ದಾವೆಯ ಅರಿವಿತ್ತೇ ಇಲ್ಲವೇ ಎಂಬುದನ್ನು ಯಾರೂ ಕೇಳುವುದಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ದಾವೆಯ ಸೂಚನೆಯನ್ನು ನೋಂದಾಯಿಸಿದ್ದರೆ ಮಾತ್ರ ಈ ನಿಯಮ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಆ ಅನುಕೂಲ ಇಲ್ಲದಿರುವುದು ಅಮಾಯಕ ಖರೀದಿದಾರನ ಪಾಲಿಗೆ ಅನ್ಯಾಯವೇ ಸರಿ.

ಇಬ್ಬರೂ ಸೋಲುವ ಸಂದರ್ಭಗಳೂ ಇವೆ. ಸರ್ಕಾರವು ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ 1978ರ ಪರಭಾರೆ ನಿಷೇಧ ಅಧಿನಿಯಮದಡಿ ಮೊದಲನೆಯ ಮಾರಾಟವೂ ಎರಡನೆಯದೂ ಶೂನ್ಯ. ಜಮೀನು ಮಂಜೂರುದಾರನಿಗೋ ಅವನ ವಾರಸುದಾರರಿಗೋ ಹಿಂದಿರುಗುತ್ತದೆ. ಅವಿಭಕ್ತ ಕುಟುಂಬದ ಹೊಲವನ್ನು ಹಿರಿಯನು ಒಮ್ಮೆ, ವಿಭಾಗದ ನಂತರ ಕಿರಿಯನು ಮತ್ತೊಮ್ಮೆ ಮಾರಿದ್ದರೆ ಕುಟುಂಬದ ಅವಶ್ಯಕತೆಗಾಗಿ ಮಾರಿದ್ದೇ, ಯಾರ ಪಾಲು ಎಷ್ಟು ಎಂಬ ಪ್ರಶ್ನೆಗಳು ಮೇಲೆದ್ದು, ದಾವೆಯು ಮತ್ತೆ ವಿಜ್ಞಾನೇಶ್ವರನು ಪ್ರತಿಪಾದಿಸಿದ ಹುಟ್ಟಿನಿಂದ ಬರುವ ಹಕ್ಕಿನ ಅಂಗಳಕ್ಕೆ ಬರುತ್ತದೆ. 2005ರಿಂದ ಆ ಹಕ್ಕು ಹೆಣ್ಣುಮಕ್ಕಳಿಗೂ ಇದೆ.

ಸೋತ ಎರಡನೆಯ ಖರೀದಿದಾರನು ಪೊಲೀಸ್ ಠಾಣೆಗೆ ಹೋಗಬಹುದೇ? ಹೋಗಬಹುದು. 2009ರಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿವೇಚಿಸಿದಂತೆ, ತನ್ನದಲ್ಲದ ಸ್ವತ್ತನ್ನು ತನ್ನದೆಂದು ಮಾರಿದವನು ಸುಳ್ಳು ದಸ್ತಾವೇಜು ಸೃಷ್ಟಿಸಿದ ಅಪರಾಧಿಯಾಗುವುದಿಲ್ಲ, ಏಕೆಂದರೆ ಅವನು ತನ್ನ ಹೆಸರಿನಲ್ಲಿಯೇ ಸಹಿ ಮಾಡಿದ್ದಾನೆ. ಆದರೆ ಅವನಿಂದ ಕೊಂಡು ಹಣ ಕಳೆದುಕೊಂಡವನು ವಂಚನೆಯ ದೂರು ಕೊಡಬಲ್ಲನು. ನಿಜವಾದ ಒಡೆಯನಾದ ಮೊದಲನೆಯವನಿಗೆ ಆ ದೂರಿನ ಹಕ್ಕಿಲ್ಲ, ಅವನನ್ನು ಯಾರೂ ನಂಬಿಸಿ ಹಣ ಕಿತ್ತುಕೊಂಡಿಲ್ಲವಲ್ಲ. ಸಿವಿಲ್ ಮಾರ್ಗದಲ್ಲಿ ಎರಡನೆಯವನಿಗೆ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಂ ಆಸರೆ: ಮಾರುವ ಅಧಿಕಾರ ತನಗಿದೆಯೆಂಬ ಭರವಸೆಯನ್ನು ಪತ್ರದಲ್ಲಿ ಬರೆಯದಿದ್ದರೂ ಪ್ರತಿಯೊಬ್ಬ ಮಾರಾಟಗಾರನು ಕೊಟ್ಟಂತೆಯೇ, ಆದ್ದರಿಂದ ಹಣವನ್ನೂ ನಷ್ಟವನ್ನೂ ಅವನಿಂದ ವಸೂಲು ಮಾಡಬಹುದು, ಅವನಲ್ಲಿ ಏನಾದರೂ ಉಳಿದಿದ್ದರೆ.

ಬೇರೆ ದೇಶಗಳು ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿವೆ. ಫಿಲಿಪ್ಪೀನ್ಸ್‌ನ ಸಿವಿಲ್ ಸಂಹಿತೆಯ 1544ನೇ ವಿಧಿ ಇಬ್ಬರಿಗೆ ಮಾರಿದ ಸ್ವತ್ತಿಗಾಗಿಯೇ ರಚಿತವಾಗಿದೆ: ಸದ್ಭಾವನೆಯಿಂದ ಮೊದಲು ನೋಂದಾಯಿಸಿದವನಿಗೆ ಒಡೆತನ, ನೋಂದಣಿ ಇಲ್ಲದಿದ್ದರೆ ಸದ್ಭಾವನೆಯಿಂದ ಮೊದಲು ಕಬಜಾ ಪಡೆದವನಿಗೆ, ಅದೂ ಇಲ್ಲದಿದ್ದರೆ ಹಳೆಯ ಪತ್ರವುಳ್ಳವನಿಗೆ. ಜುಲೈ 20ರ ಪತ್ರವುಳ್ಳ ಮೇಲಿನ ಖರೀದಿದಾರನು ಅಲ್ಲಿ ಗೆಲ್ಲುತ್ತಿದ್ದನು. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆರಂಭವಾದ ಟೊರೆನ್ಸ್ ಪದ್ಧತಿಯಲ್ಲಂತೂ ಸರ್ಕಾರದ ಪುಸ್ತಕದಲ್ಲಿರುವ ಹೆಸರೇ ಒಡೆತನ. ಭಾರತದಲ್ಲಿ ನೋಂದಣಿ ಕಚೇರಿಯು ದಸ್ತಾವೇಜನ್ನು ನೋಂದಾಯಿಸುತ್ತದೆಯೇ ಹೊರತು ಒಡೆತನವನ್ನಲ್ಲ. ಮಾರುವವನಿಗೆ ಒಡೆತನವಿಲ್ಲವೆಂಬ ಕಾರಣದಿಂದ ನೋಂದಣಿಯನ್ನು ನಿರಾಕರಿಸಲು ಅವಕಾಶ ಕೊಟ್ಟಿದ್ದ ತಮಿಳುನಾಡಿನ ನಿಯಮವೊಂದನ್ನು 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇದೇ ಆಧಾರದ ಮೇಲೆ ರದ್ದುಮಾಡಿತು.

ಕರ್ನಾಟಕವು ಈ ಮಿತಿಯನ್ನು ತಂತ್ರಜ್ಞಾನದಿಂದ ತುಂಬಲು ಯತ್ನಿಸುತ್ತಿದೆ. ನೋಂದಣಿಯ ಕಾವೇರಿ ತಂತ್ರಾಂಶವು ಭೂಮಿಯೊಡನೆ ಬೆಸೆದಿರುವುದರಿಂದ ಪಹಣಿಯಲ್ಲಿ ಹೆಸರಿಲ್ಲದವನು ಹೊಲ ಮಾರುವುದು ಕಷ್ಟ, ಮತ್ತು ನೋಂದಣಿಯಾದ ಕೂಡಲೇ ಮುಟೇಶನ್ ತಾನಾಗಿ ಆರಂಭವಾಗುತ್ತದೆ; 2024ರಿಂದ ಪಹಣಿಗೆ ಆಧಾರ್ ಜೋಡಿಸಲಾಗುತ್ತಿದೆ; ಅದೇ ವರ್ಷದ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದಾದ್ದರಿಂದ ಮುಡಬಿಯವರಿಗೆ ಬಸವಕಲ್ಯಾಣವೂ ಹುಮನಾಬಾದೂ ಸಮಾನವಾಗಿ ತೆರೆದಿವೆ. ಇವುಗಳಿಂದ ಎರಡು ಕ್ರಯಪತ್ರಗಳ ನಡುವಿನ ವ್ಯಾಜ್ಯ ಮುಂದಿನ ದಿನಗಳಲ್ಲಿ ಇಳಿಮುಖವಾಗಬಹುದು. ಇಸಾರದ ಕಾಗದದ ಮಟ್ಟಿಗೆ ಮಾತ್ರ ಈ ಯಾವ ಏರ್ಪಾಡೂ ಫಲಿಸದು, ಏಕೆಂದರೆ ಕಬಜಾ ಕೊಡದ ಕರಾರಿನ ನೋಂದಣಿ ಇಂದಿಗೂ ಐಚ್ಛಿಕವಾಗಿದೆ. ಅದನ್ನು ನೋಂದಾಯಿಸಿದರೆ ಇಸಿಯಲ್ಲಿ ನಮೂದು ಬರುತ್ತದೆ, ನಂತರ ಕೊಳ್ಳುವ ಯಾವನೂ ‘ನನಗೆ ತಿಳಿದಿರಲಿಲ್ಲ’ ಎನ್ನಲಾರ, ಮೂರು ವರ್ಷದೊಳಗಿನ ದಾವೆಯಲ್ಲಿ ಸದ್ಭಾವನೆಯ ಚರ್ಚೆಯೇ ಏಳದು. ಹಾಗಿದ್ದೂ ಕರಾರಿನ ಎರಡೂ ಕಡೆಯವರು ನಿಜವಾದ ಬೆಲೆ ಕಾಗದದಲ್ಲಿ ಕಾಣಬಾರದೆಂಬ ಒಂದೇ ಕಾರಣಕ್ಕೆ ನೋಂದಣಿ ಕಚೇರಿಯ ಮೆಟ್ಟಿಲು ಹತ್ತದೆ, ಪಂಚರ ಸಹಿಯನ್ನೇ ನೆಚ್ಚಿ ಕೂಡುವುದು ಈ ಭಾಗದಲ್ಲಿ ಈಗಲೂ ರೂಢಿಯಲ್ಲಿದೆ.